ಮೂರನೆಯ ಸಾಲಿನವನು

ನಮ್ಮೂರ ಚಿತ್ರಮಂದಿರವೆಂದರೆ
ಸನ್ಯಾಸಿನಿಯರ ಮಠದ ಹಿಂಗೋಡೆ.
ಜೂನಿನಲ್ಲಿ ಸುಣ್ಣ ಬಳಿಯುತ್ತಿದ್ದರು,
ಜುಲೈಗೆ ಅದರ ಮೇಲೆ ಮ್ಯಾಡ್ರಿಡ್ ಬಂದಿಳಿಯುತ್ತಿತ್ತು.
ಕುರ್ಚಿ ಅವರವರದ್ದೇ. ನಾನು ಎರಡು ಹೊರುತ್ತಿದ್ದೆ,
ಒಂದು ನನಗೆ, ಒಂದು ಬಲ್ಬಿನಾ ಚಿಕ್ಕಮ್ಮನಿಗೆ.
ಅವಳಿಗೆ ಆರು ತುಂಬಿದಾಗ ಬಂದ ಜ್ವರ
ಹೋಗುವಾಗ ಕಿವಿಗಳನ್ನೂ ಕರೆದುಕೊಂಡು ಹೋಗಿತ್ತು.

ಆ ಬೇಸಿಗೆ ಬಂದದ್ದು ಒಪೆರಾದಿಂದ ಇಳಿಸಿದ ಚಿತ್ರ.
ಇಳಿಸಿದ್ದೆಂದರೆ, ಅಜ್ಜನ ಕೋಟು ಕತ್ತರಿಸಿ
ಮೊಮ್ಮಗನಿಗೆ ಹೊಲಿದ ಹಾಗೆ:
ತೋಳು ಗಿಡ್ಡ, ಗುಂಡಿ ಮಾತ್ರ ಬೆಳ್ಳಿಯವು.
ಒಬ್ಬ ಮುದಿ ನೋಟರಿ, ಅವನ ಹರೆಯದ ಹೆಂಡತಿ,
ಬಟ್ಟೆಯ ಬೀರುವಿನೊಳಗೆ ಸಂಗೀತದ ಮೇಷ್ಟ್ರು.
ಬೀರು ಸೀನುತ್ತದೆ.
"ದೇವರು ಕಾಪಾಡಲಿ" ಅಂತ ಬೀರುವನ್ನು ಹರಸಿ
ನೋಟರಿ ಮತ್ತೆ ದುಡ್ಡು ಎಣಿಸುತ್ತಾನೆ.

ಊರು ಬಿದ್ದು ಬಿದ್ದು ನಕ್ಕಿತು.
ಆಗ ರೊಟ್ಟಿಗೂ ಚೀಟಿ, ಎಣ್ಣೆಗೂ ಚೀಟಿ.
ಕಣ್ಣು ಹಾಯುವಷ್ಟು ದೂರ ಆಲಿವ್ ಮರಗಳು,
ಬಾಣಲೆಗೆ ಒಂದು ತೊಟ್ಟಿಲ್ಲ.
ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಒಪೆರಾ.

ಕೊನೆಯ ರೀಲಿನಲ್ಲಿ ಔತಣ.
ಮೇಜಿನುದ್ದಕ್ಕೂ ಹಂದಿತೊಡೆ, ದ್ರಾಕ್ಷಿ, ಇಡಿಯ ಕುರಿಮರಿ.
ಹಿಂದೆ ಮೂರು ಸಾಲು ಗಾಯಕರು
ಬಾಯಗಲಿಸಿ ಪ್ರೀತಿಗೆ ಜಯಕಾರ ಹಾಕುತ್ತಾರೆ.
ಯಾರೂ ನಗಲಿಲ್ಲ. ಎಲ್ಲರ ಕಣ್ಣೂ ಹಂದಿತೊಡೆಯ ಮೇಲೆ.
ಮುತ್ತಿನ ಹೊತ್ತಿಗೆ ಬೆಳಕಿಗೆ ಅಡ್ಡ ಹಿಡಿಯಲು
ಟೋಪಿ ತಂದಿದ್ದ ಪಾದ್ರಿ ದೋನ್ ಇಲಾರಿಯೋ ಕೂಡ
ಟೋಪಿ ಮರೆತು ಜೊಲ್ಲು ನುಂಗಿದರು.
ಒಂದು ಹಲ್ಲಿ ನಾಯಕಿಯ ಕೆನ್ನೆ ದಾಟಿ
ದ್ರಾಕ್ಷಿಯ ಕಡೆ ಹೊರಟಿತ್ತು.

ಆಗ ಬಲ್ಬಿನಾ ನಕ್ಕಳು. ಒಬ್ಬಳೇ.
ತನ್ನ ನಗುವಿನ ಸದ್ದು ತಾನೇ ಕೇಳದವಳ ನಗು,
ಎಣ್ಣೆ ಕಾಣದ ಬಾವಿರಾಟೆ.
ತಲೆಗಳು ತಿರುಗಿದವು. ನಾನು ಅವಳ ಮೊಣಕೈ ಚಿವುಟಿದೆ.
ಅವಳು ತೋರಿಸಿದಳು: ಮೂರನೆಯ ಸಾಲು,
ಎಡದಿಂದ ನಾಲ್ಕನೆಯವನು,
ಮೊರದಗಲ ಕಿವಿ, ಜಾರಿದ ವಿಗ್ಗು.

ಅವನು ಹಾಡುತ್ತಿಲ್ಲ, ಅಂದವು ಅವಳ ಕೈಗಳು.
ಹಾಡು ಇನ್ನೆಲ್ಲೋ, ಇನ್ನಾರದೋ ಗಂಟಲಲ್ಲಿ
ಆಗಲೇ ಹಾಡಿ ಮುಗಿದಿದೆ.
ಇವನಿಗೆ ಕೂಲಿ ಬಾಯಿ ಆಡಿಸುವುದಕ್ಕೆ.
ಆಡಿಸುತ್ತಿದ್ದಾನೆ:
ಹಂದಿತೊಡೆ ಗಾರೆ, ದ್ರಾಕ್ಷಿ ಮೇಣ,
ಕುರಿಮರಿ ನಿಜದ್ದೇ, ಆದರೆ ಸೋಮವಾರದ್ದು,
ಇವತ್ತು ಗುರುವಾರ,
ಅಯ್ಯೋ ಶೂ ಕಚ್ಚುತ್ತಿದೆ, ಅಯ್ಯೋ ಶೂ,
ಊಟಕ್ಕೆ ಬಿಡುವುದು ಯಾವಾಗ?

ಅದು ನನ್ನ ಬಾಯಿಂದ ಮುಂದಿನ ಕುರ್ಚಿಗೆ,
ಅಲ್ಲಿಂದ ಲಾಳ ಕಟ್ಟುವ ಸತುರ್ನೀನೋಗೆ,
ಸತುರ್ನೀನೋಗೆ ಹೇಳಿದರೆ ಗಂಟೆಗೋಪುರಕ್ಕೆ ಹೇಳಿದ ಹಾಗೆ.
ಮರುರಾತ್ರಿ ಊರಿಗೆ ಊರೇ ಔತಣಕ್ಕೆ ಕಾದಿತ್ತು.
ಅವನ ಬಾಯಿ ತೆರೆದದ್ದೇ, ಒಪೆರಾದ ರಾಗದಲ್ಲೇ,
"ಹಂದಿತೊಡೆ ಗಾರೆ! ದ್ರಾಕ್ಷಿ ಮೇಣ!"
ಪಾದ್ರಿ ಎದ್ದು ಟೋಪಿ ಹಿಡಿದರು. ಬೆಳಕು ನಿಂತಿತು.
ಹಾಡು ಟೋಪಿಗೆ ಸಿಗುವಂಥದ್ದಲ್ಲ.
ಮೂರನೆಯ ರಾತ್ರಿ ಕೊನೆಯ ಸಾಲಿನಲ್ಲಿ ಗಾರ್ಡುಗಳಿಬ್ಬರು,
ಮಿರುಗುವ ಕರಿ ಟೋಪಿ, ಮಂಡಿಯ ಮೇಲೆ ಬಂದೂಕು.
ಯಾರೂ ಕೆಮ್ಮಲೂ ಇಲ್ಲ.
ನಾಲ್ಕನೆಯ ರಾತ್ರಿ ಗೋಡೆ ಗೋಡೆಯಾಗಿತ್ತು.

ಇನ್ನೊಂದು ಮಾತಿತ್ತು.
ಮುತ್ತಿಗೆ ಮೊದಲು ಅವನು ನೆಟ್ಟಗೆ ನಮ್ಮ ಕಡೆ ತಿರುಗಿ
ಏನೋ ಅನ್ನುತ್ತಾನೆ, ಚಿಕ್ಕದು.
ಮೂರು ರಾತ್ರಿಯೂ ಅಲ್ಲಿ ಬಲ್ಬಿನಾ ನಗಲಿಲ್ಲ.
ಏನಂದ, ಕೇಳಿದೆ. ದಾರಿಯುದ್ದಕ್ಕೂ ಕೇಳಿದೆ.
ಕುರ್ಚಿ ಕೆಳಗಿಟ್ಟು ಮತ್ತೆ ಕೇಳಿದೆ.
ನಾಣ್ಯ ಸಿಕ್ಕಿದವಳಂತೆ ಬೆರಳು ಮಡಚಿಕೊಂಡಳು.

ಕಳೆದ ವಾರ ಟೀವಿಯಲ್ಲಿ ಅದೇ ಚಿತ್ರ,
ಗೀರೆಲ್ಲ ತೊಳೆದು ಮಡಿ ಮಾಡಿದ್ದಾರೆ, ಹಲ್ಲಿಯೂ ಇಲ್ಲ.
ನನಗೂ ಈಗ ಕಿವಿ ಅಷ್ಟಕ್ಕಷ್ಟೆ,
ಯಂತ್ರ ತೆಗೆದು ಮೇಜಿನ ಮೇಲಿಟ್ಟೆ.
ಇದ್ದಾನೆ. ವಿಗ್ಗು ಇನ್ನೂ ಸರಿಪಡಿಸಿಕೊಂಡಿಲ್ಲ.
ಶೂ ತನಕ ನನಗೂ ತಿಳಿಯಿತು.
ಆಮೇಲೆ ತುಟಿ ಒಮ್ಮೆ ಕೂಡಿ, ಒಮ್ಮೆ ಬಿಟ್ಟವು.
ಪಾನ್ ಇರಬಹುದು, ರೊಟ್ಟಿ.
ಪಾಸ್ ಇರಬಹುದು, ಶಾಂತಿ.
ನಮ್ಮ ನುಡಿಯಲ್ಲಿ ಎರಡಕ್ಕೂ ಬಾಯಿ ಒಂದೇ ಅಳತೆ.
ಪಾಸ್ ಅನ್ನುವ ಹುಡುಗಿಯರೂ ಇದ್ದಾರೆ, ಬೇಕಾದಷ್ಟು.

ಕೊಟ್ಟಕೊನೆಗೆ ಬೀರು ಇನ್ನೊಮ್ಮೆ ಸೀನುತ್ತದೆ.
ಕೇಳಿಸಲಿಲ್ಲ. ಬಾಗಿಲು ಅದುರಿದ್ದು ಕಂಡು
ದೇವರು ಕಾಪಾಡಲಿ, ಅಂದೆ.